ಷೆಡ್ಡಿನೊಳಗಿನ ತೊಟ್ಟಿಲು

ಆ ಮನೆಯಲ್ಲಿ ಮೆಲ್ಲಗೆ ಮಾತಾಡುವ ರೂಢಿಯೇ ಇರಲಿಲ್ಲ. ಉಪ್ಪು ಕೇಳಬೇಕಾದರೂ ಜಗಳಕ್ಕೆ ನಿಂತವರ ಹಾಗೆ ಕೂಗಬೇಕು. ಇಚಲಕರಂಜಿಯ ಆ ಗಲ್ಲಿಗೆ ಹೊಸದಾಗಿ ಬಂದವರು ಬಾಗಿಲ ತನಕ ಬಂದು, ಒಳಗೆ ಹೊಡೆದಾಟ ನಡೆದಿದೆ ಎಂದುಕೊಂಡು ಹಿಂದಕ್ಕೆ ಹೋದದ್ದೂ ಉಂಟು. ಒಳಗೆ ನಡೆದಿದ್ದುದು ಬರೀ ಚಹಾ. ಅವರಾದರೂ ಏನು ಮಾಡಬೇಕು? ಅವರು ವಾಸವಿದ್ದ ಖೋಲಿಯ ಹಿಂದಿನ ಗೋಡೆಯ ಆಚೆಗೇ ಮಾಲಕರ ಷೆಡ್ಡು. ಅಲ್ಲಿ ಇಪ್ಪತ್ತನಾಲ್ಕು ಪವರ್‌ಲೂಮುಗಳು ಹಗಲೂ ರಾತ್ರಿ ಖಟಖಟ ಬಡಿಯುತ್ತಿದ್ದವು. ಗೋಡೆಯ ಮೇಲಿನ ಕ್ಯಾಲೆಂಡರು ಒಂದು ದಿನವೂ ಸುಮ್ಮನೆ ನಿಂತದ್ದಿಲ್ಲ.

ಮನೆಯಲ್ಲಿ ಐದು ಜನ. ವಿಜಯ ಎಂಟು ಮಗ್ಗ ನೋಡಿಕೊಳ್ಳುವವನು, ಹನ್ನೆರಡು ತಾಸಿನ ಪಾಳಿ. ಹೆಂಡತಿ ವಂದನಾ ಅದೇ ಷೆಡ್ಡಿನ ಮೂಲೆಯಲ್ಲಿ ಕಾಂಡಿ ಮಷೀನಿಗೆ ಕೂತು, ಲಾಳಿಯೊಳಗೆ ಹಾಕುವ ಕಾಂಡಿಗಳಿಗೆ ನೂಲು ಸುತ್ತುವವಳು. ವಿಜಯನ ತಾಯಿ ಬಾಳವ್ವ ರಬಕವಿಯಿಂದ ಮದುವೆಯಾಗಿ ಬಂದು, ನಲವತ್ತು ವರ್ಷ ಅದೇ ಕಾಂಡಿ ಸುತ್ತಿ, ಈಗ ಮೊಣಕಾಲು ಹಿಡಿದುಕೊಂಡು ಕೂತವಳು. ಮಗಳು ಪ್ರಣಿತಾಗೆ ಎಂಟು ವರ್ಷ, ಮರಾಠಿ ಶಾಲೆಯಲ್ಲಿ ಮೂರನೇ ಇಯತ್ತೆ. ಅಪ್ಪು ಎಂಟು ತಿಂಗಳ ಕೂಸು. ವಂದನಾಳ ಮಷೀನಿನ ಪಕ್ಕದಲ್ಲಿ, ಷೆಡ್ಡಿನ ತೊಲೆಗೆ ಬಾಳವ್ವನ ಹಳೆಯ ಇಳಕಲ್ ಸೀರೆ ಕಟ್ಟಿ ಮಾಡಿದ ತೊಟ್ಟಿಲು ಅವನದು.

ಆ ತೊಟ್ಟಿಲಿಗೆ ಒಂದು ಗತ್ತಿತ್ತು. ವಿಜಯ ಅದರಲ್ಲೇ ಬೆಳೆದವನು, ಅವನ ತಂಗಿ ರತ್ನಮಾಲಾ ಅದರಲ್ಲೇ ಬೆಳೆದವಳು, ಪ್ರಣಿತಾ ಕೂಡ. ಹೆಸರಿಟ್ಟ ಮರುದಿನವೇ ಕೂಸನ್ನು ಷೆಡ್ಡಿಗೆ ತಂದು ಮಗ್ಗಕ್ಕೆ ಕುಂಕುಮ ಹಚ್ಚಿ, ತೊಟ್ಟಿಲು ಕಟ್ಟುವುದು ಬಾಳವ್ವನ ಕಟ್ಟಳೆ. "ಮಗ್ಗದ ಸಪ್ಪಳಕ್ಕ ಕೂಸ ಎಷ್ಟ ಚೊಲೊ ಮಲಗ್ತೈತಿ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ವಂದನಾಳೂ ಇಲ್ಲ ಎನ್ನಲಿಲ್ಲ. ಗಲ್ಲಿಯಲ್ಲಿ ಯಾರದೋ ಕೂಸನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಪಾಳಿಗೆ ಹೋದಾಗ ಅದು ಬಿಸಿ ಹಾಲಿನ ಪಾತೇಲಿ ಮೈಮೇಲೆ ಎಳೆದುಕೊಂಡಿತ್ತು. ಅದನ್ನು ನೋಡಿದ ಮೇಲೆ ವಂದನಾ ತನ್ನ ಮಕ್ಕಳನ್ನು ಕಣ್ಣ ಮುಂದಿನಿಂದ ಅಲುಗಿಸಿರಲಿಲ್ಲ.

ಇನ್ನು ಷೆಡ್ಡಿನಲ್ಲಿ ಬಾಯಿಗೆ ಏನೂ ಕೆಲಸವಿಲ್ಲ, ಎಲ್ಲ ಕೈಯಲ್ಲೇ. ಹೆಬ್ಬೆರಳು ತುಟಿಗೆ ಇಟ್ಟರೆ ಚಹಾ. ನೆತ್ತಿಯ ಮೇಲೆ ಅಂಗೈ ಇಟ್ಟರೆ ಮಾಲಕ ಬಂದ. ಅಂಗೈ ಅಡ್ಡ ಹಿಡಿದು ಗಾಳಿಯಲ್ಲಿ ಎಳೆದರೆ ಮಗ್ಗ ನಿಲ್ಲಿಸು. ಎದೆಯ ಕಡೆ ಎರಡು ಸಲ ಕೈ ಎಳೆದುಕೊಂಡರೆ ಇತ್ತ ಬಾ. ಪ್ರಣಿತಾ ಇದನ್ನೆಲ್ಲ ಮಾತು ಕಲಿಯುವ ಮೊದಲೇ ಕಲಿತಿದ್ದಳು. ನಾಲ್ಕು ಮಗ್ಗದ ಆಚೆ ನಿಂತವರ ತುಟಿ ನೋಡಿ ಏನಂದರೆಂದು ಹೇಳುತ್ತಿದ್ದಳು. "ಇಂಥಾ ಶಾಣ್ಯಾ ಹುಡಿಗಿ ಗಲ್ಲ್ಯಾಗ ಇಲ್ಲ" ಎಂದು ಮನೆಯವರೆಲ್ಲ ಹಿಗ್ಗುತ್ತಿದ್ದರು. ಹಿಗ್ಗಿದ್ದೇ ಅವರ ತಪ್ಪು, ಆದರೆ ಆಗ ಅದು ಯಾರ ತಲೆಗೂ ಹೊಳೆಯಲಿಲ್ಲ.

ದೀಪಾವಳಿಗೆ ಹದಿನೈದು ದಿನ ಇದ್ದಾಗ ಶಾಲೆಯಿಂದ ಮೂರನೇ ಸಲ ಕರೆ ಬಂತು. ವಂದನಾ ಮಷೀನು ನಿಲ್ಲಿಸಿ, ತಲೆಯ ಮೇಲಿನ ಹತ್ತಿಯ ಧೂಳು ಕೊಡವಿಕೊಂಡು ಓಡಿದಳು. ವರ್ಗದ ಶಿಕ್ಷಕಿ ಮೋನಾಲಿ ಬಾಯಿ ಕೆಟ್ಟವಳಲ್ಲ. ಆದರೆ ಅವತ್ತು ಬೇಸತ್ತಿದ್ದಳು.

"ವಂದನಾತಾಯಿ, ತಿಚಂ ಲಕ್ಷಚ ನಾಹೀ," ಎಂದಳು. ಲಕ್ಷ್ಯವೇ ಇಲ್ಲವಂತೆ. ಉಕ್ತಲೇಖನದ ವಹಿ ತೆರೆದು ತೋರಿಸಿದಳು. ಮೊದಲ ನಾಲ್ಕು ಸಾಲು ಮುತ್ತಿನಂಥ ಅಕ್ಷರ. ಅಲ್ಲಿಂದ ಕೆಳಗೆ ಇಡೀ ಪುಟ ಖಾಲಿ. ಬಾಯಿ ಹಲಗೆಯ ಮುಂದೆ ನಿಂತು ಹೇಳುವ ತನಕ ಬರೆಯುತ್ತಾಳೆ, ಬೆಂಚುಗಳ ನಡುವೆ ಓಡಾಡುತ್ತ ಹೇಳತೊಡಗಿದರೆ ಪೆನ್ಸಿಲು ಇಟ್ಟುಬಿಡುತ್ತಾಳೆ. ಮನೆಯಲ್ಲಿ ಕನ್ನಡ ಅಲ್ಲವೇ, ಮರಾಠಿ ತಿಳಿಯುವುದಿಲ್ಲ, ಅದಕ್ಕೇ ಹಿಂದಿನ ಬೆಂಚಿಗೆ ಕೂರಿಸಿದ್ದೇನೆ, ಮನೆಯಲ್ಲಿ ಮರಾಠಿ ಮಾತಾಡಿ ಎಂದಳು.

"ಹೋ ಬಾಯಿ," ಎಂದು ವಂದನಾ ತಲೆ ತಗ್ಗಿಸಿ ಬಂದಳು.

ಸಂಜೆ ಊಟಕ್ಕೆ ಝುಣಕ, ಜೋಳದ ರೊಟ್ಟಿ. ವಂದನಾ ರೊಟ್ಟಿ ಬಡಿಯುತ್ತಲೇ ವಿಷಯ ತೆಗೆದಳು. "ಅಕಿಗೆ ಮರಾಠಿ ತಿಳ್ಯಾಂಗಿಲ್ಲಂತ್ರಿ."

"ತಿಳ್ಯಾಂಗಿಲ್ಲಾ?" ವಿಜಯ ತುತ್ತು ತಡೆದ. "ಇಲ್ಲೇ ಹುಟ್ಟ್ಯಾಳ, ಇಲ್ಲೇ ಬೆಳದಾಳ. ಗಲ್ಲಿ ತುಂಬ ಮರಾಠಿ ಹುಡುಗೂರು."

"ಕನ್ನಡನರ ಎಲ್ಲಿ ಮಾತಾಡ್ತಾಳ? ಎಲ್ಲಾದಕ್ಕೂ ಬರೇ ಕೈ ಮಾಡ್ತಾಳ."

"ನಾ ಅವತ್ತ ಬಡಕೊಂಡ್ನಿ!" ಬಾಳವ್ವ ಗೋಡೆಗೆ ಆನಿಸಿದ್ದ ಬೆನ್ನು ತೆಗೆದು ಕೂತಳು. "ಕನ್ನಡ ಮಂದಿ ಕೂಸಿನ್ನ ಮರಾಠಿ ಸಾಳಿಗೆ ಒಗೀಬ್ಯಾಡ್ರಿ ಅಂತ. ಯಾರ ಕೇಳಿದ್ರಿ ನನ್ನ ಮಾತ?"

"ಹತ್ತರ ಎಲ್ಲೈತಿ ಯವ್ವಾ ಕನ್ನಡ ಸಾಳಿ? ದಿನಾ ಎತಗೊಂಡ ಹೋಗಲೇನ?"

"ಹಂಗಾರ ಬಿಡಸ್ರಿ. ಅಪ್ಪು ತೆವಳಾಕತ್ತಾನ. ನಾಳೆ ತೊಟ್ಲದಾಗಿಂದ ಜಿಗದ್ರ ಹಿಡಿಯಾಕ ನನ್ನ ಮೊಣಕಾಲ ಏಳೂದಿಲ್ಲ. ಪ್ರಣಿ ಮನ್ಯಾಗಿದ್ರ ತಮ್ಮನ್ನ ನೋಡ್ತಾಳ. ದೀಪಾವಳಿ ಆಗಿಂದ ಸಾಕ್ ಮಾಡ್ರಿ ಆ ಸಾಳಿ."

"ನೋಡೂಣು," ಎಂದ ವಿಜಯ.

ಆ ಮನೆಯಲ್ಲಿ 'ನೋಡೂಣು' ಎಂದರೆ ಹೂಂ ಎಂದೇ ಲೆಕ್ಕ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ತಮ್ಮಂದಿರನ್ನು ಸೊಂಟಕ್ಕೆ ಏರಿಸಿಕೊಂಡವಳು ವಂದನಾ. ಮಗಳಾದರೂ ಹತ್ತನೇದು ಮುಟ್ಟಲಿ ಎಂದು ಯಾರಿಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ತನ್ನ ಶಾಲೆ ಬಿಡಿಸುವ ಮಾತು ಇಷ್ಟು ಜೋರಾಗಿ ನಡೆದಿದ್ದರೂ ಪ್ರಣಿತಾ ಮಾತ್ರ ತಟ್ಟೆಗೆ ಬಗ್ಗಿ ಶೇಂಗಾ ಚಟ್ನಿ ನೆಕ್ಕುತ್ತಿದ್ದಳು. ಎಂಥ ಮೊಂಡು ಹುಡುಗಿ ಎಂದು ವಂದನಾಗೆ ಸಿಟ್ಟೂ ಬಂತು.

ರಜೆಗೆ ಹುಡುಗಿಯನ್ನು ಗಡಹಿಂಗ್ಲಜದಲ್ಲಿದ್ದ ಅತ್ತೆ ರತ್ನಮಾಲಾಳ ಮನೆಗೆ ಕಳಿಸಿದರು. ರತ್ನಮಾಲಾ ಅಲ್ಲಿ ಮನೆಯಲ್ಲೇ ಕುಬಸ ಹೊಲಿಯುವವಳು. ಗಂಡ ಕೃಷ್ಣಾತ ಮಾತು ಕಡಿಮೆ. ಸುತ್ತ ಹತ್ತು ಮನೆ, ಒಂದು ಹಿಟ್ಟಿನ ಗಿರಣಿ, ಅಷ್ಟೇ. ಮದುವೆಯಾಗಿ ಹೋದ ಮೊದಲ ತಿಂಗಳು ಅವಳು ಮಾತಾಡಿದರೆ ಅತ್ತೆಮನೆಯವರು ಬೆಚ್ಚಿ ಬೀಳುತ್ತಿದ್ದರು. ಈಗ ಹತ್ತು ವರ್ಷದಲ್ಲಿ ದನಿ ಇಳಿದು ಮನುಷ್ಯರ ಹಾಗೆ ಆಗಿತ್ತು. ಹಾಗಾಗಿಯೇ ಅವಳಿಗೆ ಗೊತ್ತಾಯಿತು.

ಎರಡನೇ ದಿನ ಶಂಕರಪಾಳಿ ಕರಿಯುತ್ತ, "ಪ್ರಣಿ, ಆ ಡಬ್ಬಿ ತಾ," ಎಂದಳು. ಹುಡುಗಿ ಬೆನ್ನು ಮಾಡಿಕೊಂಡು ರಂಗೋಲಿ ಪುಡಿ ಕಲೆಸುತ್ತಿದ್ದಳು. ಮತ್ತೆ ಕರೆದಳು. ಇಲ್ಲ. ಮೂರನೇ ಸಲ ಎದುರಿಗೆ ಹೋಗಿ ಹೇಳಿದರೆ, ಹುಡುಗಿ ನಕ್ಕು ಎದ್ದು ಡಬ್ಬಿ ತಂದುಕೊಟ್ಟಳು. ಮರುದಿನ ಓಣಿಯಲ್ಲಿ ಮೋಟರ್‌ಸೈಕಲ್ಲಿನವನು ಹಿಂದಿನಿಂದ ಹಾರ್ನು ಒತ್ತೇ ಒತ್ತಿದ. ಇವಳು ದಾರಿಯ ನಡುವೆಯೇ ನಡೆದಳು. ಅವನು ಬ್ರೇಕು ಹಾಕಿ, ಗಾಡಿ ಓರೆಮಾಡಿ, ಬಾಯಿಗೆ ಬಂದಂತೆ ಬೈದ. ಕಟ್ಟೆಯ ಮೇಲಿದ್ದ ರತ್ನಮಾಲಾಳ ಕೈಯ ಕತ್ತರಿ ಕೆಳಗೆ ಬಿತ್ತು.

ಒಳಗೆ ಬಂದು, ಹುಡುಗಿಯ ಬೆನ್ನ ಹಿಂದೆ ಒಂದು ಸ್ಟೀಲಿನ ತಾಟು ನೆಲಕ್ಕೆ ಹಾಕಿದಳು. ಪ್ರಣಿತಾ ತಟ್ಟನೆ ತಿರುಗಿದಳು. ಅಬ್ಬಾ, ದೇವರೇ, ಎಂದುಕೊಂಡಳು ರತ್ನಮಾಲಾ. ಆದರೆ ಹುಡುಗಿ ನೋಡಿದ್ದು ತಾಟನ್ನಲ್ಲ, ತನ್ನ ಕಾಲ ಕೆಳಗೆ ಅದುರಿದ ನೆಲವನ್ನು. ರತ್ನಮಾಲಾ ದೇವರ ಜಗಲಿಯ ಮೇಲಿನ ಪೂಜೆಯ ಗಂಟೆ ತಂದು, ಅವಳ ತಲೆಯ ಹಿಂದೆ ಹಿಡಿದು ಬಾರಿಸಿದಳು. ಹುಡುಗಿ ರಂಗೋಲಿ ಹಾಕುತ್ತಲೇ ಇದ್ದಳು. ಕೃಷ್ಣಾತ ಬಾಗಿಲಲ್ಲಿ ನಿಂತು ನೋಡಿ, "ಫೋನ್ ಮಾಡ ನಿಮ್ಮ ಅಣ್ಣಗ," ಎಂದ.

ವಿಜಯ ಷೆಡ್ಡಿನಲ್ಲಿದ್ದ. "ಹಾಂ? ಜೋರ ಮಾತಾಡ! ಜೋರ!"

"ಅಣ್ಣಾ, ನೀ ಹೊರಗ ಬಾ ಮೊದಲ!"

"ಆಮ್ಯಾಲೆ ಮಾಡ್ತೇನಿ, ಎಳಿ ಹರದೈತಿ!" ಎಂದು ಇಟ್ಟುಬಿಟ್ಟ. ರತ್ನಮಾಲಾ ಫೋನು ಹಿಡಿದುಕೊಂಡು ಅತ್ತಳು. ದೀಪಾವಳಿ ಮುಗಿದ ಮರುದಿನವೇ ಚಿವಡಾದ ಡಬ್ಬಿಯ ಜೊತೆ ಹುಡುಗಿಯನ್ನು ಕರೆದುಕೊಂಡು ಎಸ್‌ಟಿ ಬಸ್ಸು ಹತ್ತಿದಳು.

ಇಚಲಕರಂಜಿಯ ಮನೆಯಲ್ಲಿ ಅವತ್ತು ನಡೆದದ್ದು ಮಾತ್ರ ನಿಜವಾದ ಜಗಳವೇ.

"ಏನಂದಿ? ನಮ್ಮ ಪ್ರಣಿ ಕಿವುಡೀನ?" ಬಾಳವ್ವ ಅಡಕೊತ್ತು ಕೆಳಗಿಟ್ಟಳು. "ಬಾಯಾಗ ಹುಳಾ ಬೀಳ್ತಾವ ನಿನಗ. ನಾಳೆ ಅಕಿನ್ನ ಯಾರ ಮಾಡ್ಕೋತಾರ? ಇಂಥಾ ಮಾತ ಮನಿ ಹೊರಗ ಹೋದ್ರ ಮುಗೀತು."

"ಅಕಿಗೆ ಎಂಟ ವರ್ಷ ಯವ್ವಾ. ಲಗ್ನದ ಮಾತ ಈಗ ಯಾಕ? ಗಾಡಿ ಕೆಳಗ ಸಿಗತಿದ್ಲ ಆ ದಿನಾ. ದವಾಖಾನಿಗೆ ತೋರಸ್ರಿ."

"ದವಾಖಾನಿಗೆ ಹ್ವಾದ್ರ ಇಲ್ಲದ್ದ ಹಚ್ಚತಾರ. ನಾ ನಲವತ್ತ ವರ್ಷ ಆ ಷೆಡ್ಡಿನ್ಯಾಗ ಕುಂತೇನಿ. ನನಗೇನ ಆಗೇತಿ? ಹೇಳ, ಏನ ಆಗೇತಿ?" ಎಂದು ಸಿಟ್ಟಿನಿಂದ ಮುಖ ತಿರುಗಿಸಿ, ಅಡಕೆ ಕತ್ತರಿಸತೊಡಗಿದಳು.

ರತ್ನಮಾಲಾ ಎದ್ದಳು. ತಾಯಿಯ ಬೆನ್ನ ಹಿಂದೆ ಒಂದು ಮಾರು ದೂರ ನಿಂತು, ಗಡಹಿಂಗ್ಲಜದ ದನಿಯಲ್ಲಿ, "ಯವ್ವಾ, ಚಾ ಕುಡೀತಿ?" ಎಂದಳು.

ಬಾಳವ್ವ ಅಡಕೆ ಕತ್ತರಿಸಿದಳು.

"ಯವ್ವಾ, ಅಪ್ಪು ಬಿದ್ದ," ಎಂದಳು ರತ್ನಮಾಲಾ.

ಬಾಳವ್ವ ಅಡಕೆ ಬಾಯಿಗೆ ಹಾಕಿಕೊಂಡಳು. ವಂದನಾ ಸೆರಗು ಬಾಯಿಗೆ ಒತ್ತಿಕೊಂಡಳು. ವಿಜಯ ತಾಯಿಯನ್ನೂ, ಅವಳ ಪಕ್ಕದಲ್ಲಿ ಕೂತು ಎಲ್ಲರ ತುಟಿಗಳನ್ನು ಒಂದೊಂದಾಗಿ ನೋಡುತ್ತಿದ್ದ ಮಗಳನ್ನೂ ನೋಡಿದ. "ನಾಳೆ ಕೊಲ್ಲಾಪುರಕ್ಕ ಕರಕೊಂಡ ಹೋಗ," ಎಂದ ಹೆಂಡತಿಗೆ. ಬಾಳವ್ವ ತಿರುಗಿ, "ಏನ ಪಿಸುಪಿಸು ನಡಿಸೀರಿ?" ಎಂದು ಕೂಗಿದಳು. ಯಾರೂ ಪಿಸುಗುಟ್ಟಿರಲಿಲ್ಲ.

ಕೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಪಾಳಿಗೆ ನಿಂತು ನಿಂತು ವಂದನಾಳ ಕಾಲು ಬಾತವು. ಪ್ರಣಿತಾಳನ್ನು ಸಣ್ಣ ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಶಬ್ದ ಕೇಳಿದಾಗ ಬೆರಳೆತ್ತು ಎಂದರು. ವಂದನಾ ಹೊರಗಿನಿಂದ ನೋಡುತ್ತಿದ್ದಳು. ಡಾಕ್ಟರಬಾಯಿ ಗುಂಡಿ ಒತ್ತಿದಾಗಲೆಲ್ಲ ಮಷೀನಿನ ಮೇಲೆ ದೀಪ ಹತ್ತುತ್ತಿತ್ತು. ದೀಪ ಹತ್ತುತ್ತಿತ್ತು, ಬೆರಳು ಏಳುತ್ತಿರಲಿಲ್ಲ. ಹುಡುಗಿ ಡಾಕ್ಟರಬಾಯಿಯ ಮುಖವನ್ನೇ ಆಸೆಯಿಂದ ನೋಡುತ್ತಿದ್ದಳು, ಅಲ್ಲಿಂದ ಏನಾದರೂ ತಿಳಿದೀತು ಎಂಬ ಹಾಗೆ. "ಎತ್ತ ನನ್ನವ್ವಾ, ಬೆರಳ ಎತ್ತ," ಎಂದು ವಂದನಾ ಗಾಜಿನ ಈಚೆಯಿಂದ ಬೇಡಿಕೊಂಡಳು. ಅಷ್ಟು ಅಸಹಾಯಕತೆ ಅವಳಿಗೆ ಹೆರಿಗೆಯಲ್ಲೂ ಅನ್ನಿಸಿರಲಿಲ್ಲ.

ಡಾಕ್ಟರಬಾಯಿ ನಿಪ್ಪಾಣಿ ಕಡೆಯವಳು, ಕನ್ನಡ ಬರುತ್ತಿತ್ತು. "ಎರಡೂ ಕಿವಿ ಭಾಳ ಕಮ್ಮಿ ಐತ್ರಿ. ಪೂರಾ ಹೋಗಿಲ್ಲ. ಮಷೀನ ಹಾಕಿದ್ರ ಕೇಳಸ್ತೈತಿ, ಸಾಳಿ ಕಲೀತಾಳ. ಸರಕಾರದ ಕಡಿಂದ ಬರ್ತೈತಿ, ಮೂರ ನಾಕ ವಾರ ಆಗ್ತೈತಿ. ಸಣ್ಣಾಕಿದ್ದಾಗ ಏನರ ಜಡ್ಡ ಆಗಿತ್ತ?"

"ಇಲ್ರಿ."

"ಕೂಸಿದ್ದಾಗ ಎಲ್ಲಿ ಮಲಗಸ್ತಿದ್ರಿ?"

ವಂದನಾ ಎದೆಯುಬ್ಬಿಸಿ ಹೇಳಿದಳು. "ನನ್ನ ಕಣ್ಣ ಮುಂದನ ರೀ. ಒಂದ ಗಳಿಗಿ ಬಿಟ್ಟಿಲ್ಲ. ನಾ ಕಾಂಡಿ ಸುತ್ತೂ ಕಡೆ, ಷೆಡ್ಡಿನ್ಯಾಗ, ಮಗ್ಗದ ಬಾಜೂಕನ ತೊಟ್ಲ ಕಟ್ಟಿದ್ವಿ. ಮೂರ ವರ್ಷ."

ಡಾಕ್ಟರಬಾಯಿ ಬರೆಯುವುದನ್ನು ನಿಲ್ಲಿಸಿದಳು. ಬೈಯಲಿಲ್ಲ. "ಅದರಿಂದನ ಆಗೇತಿ ಅಂತ ಖಾತ್ರಿ ಹೇಳಾಕ ಬರಂಗಿಲ್ರಿ. ಹುಟ್ಟಿದಾಗಿಂದನೂ ಇರಬಹುದು. ಆದ್ರ ಅಷ್ಟ ಸಪ್ಪಳದಾಗ ಕೂಸಿನ ಕಿವಿ ತಡ್ಯಾಂಗಿಲ್ಲ. ಇನ್ನೊಂದ ಕೂಸ ಐತಿ ಅಂದ್ರೆಲ್ಲ, ಅದೀಗ ಎಲ್ಲೈತಿ?"

ವಂದನಾ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂವರೆ. ಅಪ್ಪು ಮಲಗುವ ಹೊತ್ತು. ಬಾಳವ್ವ ಈಗ ಷೆಡ್ಡಿನಲ್ಲಿ ಹಗ್ಗ ಹಿಡಿದು ತೂಗುತ್ತಿರುತ್ತಾಳೆ. ವಂದನಾ ತಟ್ಟನೆ ಎದ್ದಳು. ಕಾಗದಗಳನ್ನು ಚೀಲಕ್ಕೆ ತುರುಕಿ, ಮಗಳ ಕೈ ಹಿಡಿದು ಸ್ಟ್ಯಾಂಡಿಗೆ ಓಡಿದಳು. ಬಸ್ಸು ಹಾತಕಣಂಗಲೆಯಲ್ಲಿ ಕಾಲು ತಾಸು ಸುಮ್ಮನೆ ನಿಂತಿತು. "ಬಿಡ್ರಿ ಗಾಡಿ, ನಿಮಗ ಕೈ ಮುಗೀತೇನಿ," ಎಂದು ಅವಳು ಕಂಡಕ್ಟರನಿಗೆ ಕೂಗಿದಾಗ ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು. ಷೆಡ್ಡಿಗೆ ನುಗ್ಗಿದವಳು ನಿದ್ದೆಯಲ್ಲಿದ್ದ ಅಪ್ಪುವನ್ನು ತೊಟ್ಟಿಲಿನಿಂದ ಕಸಿದುಕೊಂಡಳು. ಬಾಳವ್ವ ಹಗ್ಗ ಹಿಡಿದುಕೊಂಡೇ ಬೆಪ್ಪಾಗಿ ಕೂತಳು.

ಅವತ್ತಿನ ಊಟಕ್ಕೆ ಯಾರೂ ಎರಡನೇ ರೊಟ್ಟಿ ಹಾಕಿಸಿಕೊಳ್ಳಲಿಲ್ಲ.

"ನಾ ಕಾಂಡಿ ಬಿಡ್ತೇನಿ," ಎಂದಳು ವಂದನಾ. "ಕೂಸಿನ್ನ ನೋಡ್ಕೋತೇನಿ."

"ಖೋಲಿ?" ಎಂದ ವಿಜಯ. ಆ ಖೋಲಿ ಮಾಲಕನದು. ಗಂಡ ಮಗ್ಗಕ್ಕೆ, ಹೆಂಡತಿ ಕಾಂಡಿಗೆ ಬಂದರೆ ಮಾತ್ರ ಇರಲು ಕೊಡುವ ಕರಾರು. "ನೀ ಬಿಟ್ರ ಎಂಟ ದಿನದಾಗ ಸಾಮಾನ ಹೊರಗ ಇಡ್ತಾನ."

"ಹಂಗಾರ ಪ್ರಣಿ ಸಾಳಿ ಬಿಡ್ಲಿ," ಎಂದಳು ಬಾಳವ್ವ. "ಎಲ್ಲೆರ ದೂರ ಕುಂತ ತಮ್ಮನ್ನ ಆಡಸ್ಲಿ. ಹೆಂಗೂ ಅಕಿಗೆ ಅಲ್ಲಿ ಏನೂ ಕೇಳಸೂದಿಲ್ಲಂತ ಗೊತ್ತಾತಲ್ಲ."

ವಂದನಾ ತಾಟು ಸರಿಸಿದಳು. ಮದುವೆಯಾಗಿ ಹತ್ತು ವರ್ಷದಲ್ಲಿ ಅತ್ತೆಗೆ ಎದುರಾಡಿದವಳಲ್ಲ. "ಅತ್ತಿ, ಒಬ್ಬವನ ಕಿವಿ ಉಳಸಾಕ ಇನ್ನೊಬ್ಬಾಕಿ ಸಾಳಿ ಕಿತ್ತಗೋಳಾಕ ನಾ ಬಿಡಂಗಿಲ್ಲ. ಏನ ಮಾಡ್ತೀರಿ ಮಾಡ್ರಿ."

"ಮತ್ತ ನನ್ನ ಹೆಣಾ ನೋಡ್ಕೋತೈತೇನ ಕೂಸಿನ್ನ?"

"ಜನಾಬಾಯಿ ಕಟ್ಟಿ ಮ್ಯಾಲೆ ಕುಂಡ್ರಬಹುದಲ್ಲ ನೀವು? ಅಲ್ಲಿ ಸಪ್ಪಳ ಕಮ್ಮಿ ಐತಿ."

ಬಾಳವ್ವನ ಮುಖ ಬಿಗಿಯಿತು. ಗಲ್ಲಿಯ ಆ ತುದಿಯಲ್ಲಿ, ಮಗ್ಗಗಳನ್ನೆಲ್ಲ ಗುಜರಿಗೆ ಮಾರಿ ಮುಚ್ಚಿದ ಷೆಡ್ಡಿನ ಪಕ್ಕ ಜನಾಬಾಯಿಯ ಮನೆ. ಮರಾಠಿಯವಳು, ಒಂಟಿ ಹೆಂಗಸು, ಮೆಲುದನಿ. ಎರಡು ವರ್ಷದ ಹಿಂದೆ ನಳದ ಪಾಳಿಗೆ ಇಬ್ಬರೂ ಕೊಡ ಎತ್ತಿಕೊಂಡು ಜಗಳಾಡಿದ್ದರು. 'ಇನ್ನ ಅಕಿ ಮೆಟ್ಟಲಾ ತುಳದ್ರ ನಾ ಬಾಳವ್ವನ ಅಲ್ಲ' ಎಂದು ಇಡೀ ಗಲ್ಲಿಗೆ ಕೇಳುವ ಹಾಗೆ ಆಣೆ ಹಾಕಿದ್ದಳು ಬಾಳವ್ವ. "ಸತ್ರೂ ಹೋಗಾಂಗಿಲ್ಲ," ಎಂದಳು ಈಗಲೂ.

ಮರುದಿನ ವಂದನಾ ದವಾಖಾನೆಯ ಕಾಗದ ಹಿಡಿದು ಶಾಲೆಗೆ ಹೋದಳು. ಮೋನಾಲಿ ಬಾಯಿ ಅದನ್ನು ಎರಡು ಸಲ ಓದಿದಳು. "ಮೀಚ ತಿಲಾ ಮಾಗೇ ಬಸವಲಂ," ಎಂದಳು, ತಾನೇ ಅವಳನ್ನು ಹಿಂದೆ ಕೂರಿಸಿದೆ ಎಂದು. ಕಣ್ಣು ಒರೆಸಿಕೊಂಡು, ಅಲ್ಲೇ ಪ್ರಣಿತಾಳ ಚೀಲ ಎತ್ತಿ ಮೊದಲ ಬೆಂಚಿಗೆ ಇಟ್ಟಳು. ಅವಳಿಗೆ ಮರಾಠಿ ತಿಳಿಯುವುದಿಲ್ಲ ಎಂದು ಶಾಲೆಯವರು, ಮರಾಠಿ ಶಾಲೆಯಾದ್ದರಿಂದ ಹೀಗೆ ಎಂದು ಮನೆಯವರು, ಎರಡು ವರ್ಷ ಎರಡೂ ಕಡೆಯವರು ಭಾಷೆಯ ಮೇಲೆ ಹಾಕಿ ಕೂತಿದ್ದರಲ್ಲ!

ಮನೆಯಲ್ಲಿ ಮಾತ್ರ ಪರದಾಟ. ಅಪ್ಪುವನ್ನು ಖೋಲಿಯಲ್ಲಿ ಬಾಳವ್ವನ ಹತ್ತಿರ ಬಿಟ್ಟು ವಂದನಾ ಅರ್ಧ ತಾಸಿಗೊಮ್ಮೆ ಷೆಡ್ಡಿನಿಂದ ಓಡಿ ಬರುತ್ತಿದ್ದಳು. ಹಾಲು ಕುಡಿಸು, ಓಡು. ಒದ್ದೆ ಬಟ್ಟೆ ಬದಲಿಸು, ಓಡು. ನೂಲು ಹರಿಯುತ್ತಿತ್ತು, ಕಾಂಡಿ ಸಾಲದೆ ಮಗ್ಗದವರು ಕೈ ಬೀಸುತ್ತಿದ್ದರು. ಹತ್ತನೇ ದಿನ ಅಪ್ಪು ತೆವಳಿಕೊಂಡು ಹೋಗಿ ಹೊಸ್ತಿಲಿನಿಂದ ಕೆಳಗುರುಳಿದ. ಬಾಳವ್ವ ಏಳಲಾರದೆ ಕೂತಲ್ಲೇ ಬೊಬ್ಬೆ ಹೊಡೆದಳು. ಹಣೆಯ ಮೇಲೆ ಲಿಂಬೆಹಣ್ಣಿನಷ್ಟು ಬುಗುಟು. ಮರುದಿನ ವಂದನಾ ನೋಡುತ್ತಾಳೆ, ಷೆಡ್ಡಿನ ತೊಲೆಗೆ ಇಳಕಲ್ ಸೀರೆ ಮತ್ತೆ ಕಟ್ಟಿದೆ, ಅಪ್ಪು ಒಳಗಿದ್ದಾನೆ. ಬಾಳವ್ವ ಹಗ್ಗ ಎಳೆಯುತ್ತ ಎರಡು ಬೆರಳಿನಿಂದ ಕಣ್ಣು ತೋರಿಸಿದಳು: ಕಣ್ಣ ಮುಂದೆ ಇರಲಿ. ವಂದನಾ ಎದ್ದು ಹೋಗಿ ಕೂಸನ್ನು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ಕಾಂಡಿ ತಿರುಗುತ್ತಿತ್ತು, ಮೈಯಲ್ಲಿ ತ್ರಾಣವಿರಲಿಲ್ಲ. ಒಂದು ಹಳೆಯ ಬಟ್ಟೆ ಹರಿದು ಅಪ್ಪುವಿನ ಕಿವಿಗೆ ಸುತ್ತಿದಳು. ಅದರಿಂದ ಏನೂ ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ತನ್ನ ಮೇಲೆಯೇ ಹೇಸಿಗೆ ಬಂತು. ವಾರ ಹಾಗೆಯೇ ಕಳೆಯಿತು.

ಡಿಸೆಂಬರಿನಲ್ಲಿ ಕೊಲ್ಲಾಪುರದಿಂದ ಫೋನು ಬಂತು, ಮಷೀನು ಬಂದಿದೆ ಎಂದು. ಹುರುಳಿಕಾಳಿನ ಬಣ್ಣದ ಎರಡು ಸಣ್ಣ ಯಂತ್ರ, ಕಿವಿಯ ಹಿಂದೆ ಕೂರುವಂಥವು. ಡಾಕ್ಟರಬಾಯಿ ಹಾಕಿ, ತಿರುವಿ, ಹುಡುಗಿಯ ಹಿಂದೆ ಹೋಗಿ ನಿಂತು, "ಪ್ರಣಿತಾ," ಎಂದಳು. ಪ್ರಣಿತಾ ತಿರುಗಿದಳು. ವಂದನಾ ಅಲ್ಲೇ ಕುರ್ಚಿಯ ಮೇಲೆ ಕುಸಿದು, ಹೋ ಎಂದು ಅತ್ತುಬಿಟ್ಟಳು. "ಇದನ್ನ ಹಾಕ್ಕೊಂಡ ಷೆಡ್ಡಿಗೆ ಮಾತ್ರ ಕಳಸಬ್ಯಾಡ್ರಿ," ಎಂದು ಡಾಕ್ಟರಬಾಯಿ ಎರಡು ಸಲ ಹೇಳಿದಳು.

ಬಸ್ಸಿನಲ್ಲಿ ಹುಡುಗಿ ಒಂದು ಕ್ಷಣ ಸುಮ್ಮನೆ ಕೂರಲಿಲ್ಲ. ತಾಯಿಯ ಬಳೆ ಅಲ್ಲಾಡಿಸಿ ಕೇಳಿದಳು. ಕಾಗದದ ಚೀಲ ಮುದುರಿ ಕೇಳಿದಳು. ಕಂಡಕ್ಟರನ ಟಿಕೀಟಿನ ಮಷೀನು ಕಿರ್ ಎಂದರೆ ಕಿಲಕಿಲ ನಕ್ಕಳು. ಗಲ್ಲಿ ಮುಟ್ಟಿದ್ದೇ ತಡ, ತಾಯಿಯ ಕೈ ಕೊಸರಿಕೊಂಡು, ಅಪ್ಪನಿಗೆ ತೋರಿಸಬೇಕೆಂದು ಷೆಡ್ಡಿನ ಕಡೆ ಓಡಿದಳು. "ಏ ಪ್ರಣೀ, ನಿಲ್ಲ! ಒಳಗ ಹೋಗಬ್ಯಾಡ!" ಎಂದು ವಂದನಾ ಹಿಂದೆಯೇ ಓಡಿದಳು.

ಬಾಗಿಲು ದಾಟಿದವಳು ಪೆಟ್ಟು ತಿಂದಂತೆ ನಿಂತಳು. ಎರಡೂ ಕೈ ಕಿವಿಗೆ ಹೋದವು. ಹುಟ್ಟಿದಾಗಿನಿಂದ ಓಡಾಡಿದ ಜಾಗ ಅದು. ಅದು ಹೀಗೆ ಬಡಿಯುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮುಖ ಕಿವುಚಿ ಕಣ್ಣೀರು ಸುರಿಯಿತು. ಆದರೆ ಅವಳು ಹೊರಗೆ ಓಡಲಿಲ್ಲ. ನೇರ ಮೂಲೆಗೆ ಹೋದಳು. ತೊಟ್ಟಿಲೊಳಗೆ ಕೈ ಹಾಕಿ, ತನ್ನ ಅರ್ಧ ಭಾರವಿದ್ದ ತಮ್ಮನನ್ನು ಎಳೆದು ಎದೆಗೆ ಅವಚಿಕೊಂಡಳು. ಹಗ್ಗ ಹಿಡಿದಿದ್ದ ಬಾಳವ್ವ ಗದರಿಸಲು ಬಾಯಿ ತೆರೆದಳು. ಪ್ರಣಿತಾ ಒಂದು ಕೈ ಬಿಡಿಸಿಕೊಂಡು, ಅಂಗೈ ಅಡ್ಡ ಹಿಡಿದು, ಮಗ್ಗಗಳ ಸಾಲಿನ ಆಚೆ ನಿಂತಿದ್ದ ಅಪ್ಪನ ಕಡೆ ಗಾಳಿಯಲ್ಲಿ ಎಳೆದಳು.

ನಿಲ್ಲಿಸು.

ವಿಜಯ ಮಗಳ ಮುಖ ನೋಡಿದ. ಒಂದು ಮಗ್ಗ ನಿಲ್ಲಿಸಿದ. ಎರಡನೆಯದು. ಎಂಟೂ ನಿಲ್ಲಿಸಿದ. ಏನಾಯಿತೋ ಎಂದು ಹೆದರಿದ ಪಕ್ಕದ ನೇಕಾರರೂ ತಮ್ಮವನ್ನು ನಿಲ್ಲಿಸಿದರು. ಷೆಡ್ಡು ಮೌನವಾಯಿತು. ಪ್ರಣಿತಾ ಆ ಮೌನದಲ್ಲಿ, ತನ್ನ ದನಿಯ ಅಳತೆ ತನಗೇ ತಿಳಿಯದೆ, ಕಿರುಚಿದಳು.

"ಅಪ್ಪಾ! ಇಷ್ಟ ಸಪ್ಪಳಾ ಇಲ್ಲಿ? ಅಪ್ಪುಗ ಕೇಳಸ್ತೈತಲ್ಲ! ಅವನ್ನ ಯಾಕ ಇಲ್ಲಿ ಹಾಕೀರಿ?"

ಬಾಗಿಲಲ್ಲಿ ನಿಂತ ವಂದನಾ ನೆಲ ನೋಡಿದಳು.

"ಏನಂತ?" ಎಂದಳು ಬಾಳವ್ವ, ಎಲ್ಲರ ಮುಖ ನೋಡುತ್ತ. "ಏನಂತಾಳ ಅಕಿ? ಯಾರರ ಹೇಳ್ರೋ!"

ವಿಜಯ ಬಂದು, ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಕಿವಿಯ ಹತ್ತಿರ ಬಾಯಿ ಒಯ್ದು ಹೇಳಿದ. ಬಾಳವ್ವ ಕೇಳಿದಳು. 'ನನಗೇನ ಆಗೇತಿ' ಎಂದು ಅವತ್ತು ಕೇಳಿದ್ದ ಮುದುಕಿಗೆ, ಇವತ್ತು ಒಂದು ಕೂಸಿನ ಮಾತನ್ನು ಮಗ ಕಿವಿಯಲ್ಲಿ ಊದಿ ಹೇಳಬೇಕಾಯಿತು. ಅವಳು ಮಗನ ಹೆಗಲು ಹಿಡಿದು ಎದ್ದು, ತೊಲೆಯ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿದಿತ್ತು. ಬೆರಳು ಸೋತಾಗ ಹಲ್ಲು ಹಚ್ಚಿ ಬಿಚ್ಚಿದಳು. ಸೀರೆ ಮಡಚಿ ಬಗಲಲ್ಲಿ ಇಟ್ಟುಕೊಂಡು ಹೊರಗೆ ಹೋದಳು.

ಮರುದಿನ ಬೆಳಿಗ್ಗೆ ಶಾಲೆಯ ಹೊತ್ತಿಗೆ ಬಾಳವ್ವ ತಲೆಗೆ ಸೆರಗು ಹೊದ್ದು ಎದ್ದಳು. "ಪ್ರಣೀ, ತಮ್ಮನ್ನ ಎತಗೋ. ನನಗ ಕೈ ಕೊಡ," ಎಂದಳು. ಬಗಲಲ್ಲಿ ಇಳಕಲ್ ಸೀರೆ. ಮೂವರೂ ಗಲ್ಲಿಯುದ್ದಕ್ಕೂ ನಡೆದರು, ಬಾಳವ್ವ ಪ್ರತಿ ಹತ್ತು ಹೆಜ್ಜೆಗೆ ನಿಂತು ಉಸಿರು ತೆಗೆದುಕೊಂಡಳು. ನಳದ ಹತ್ತಿರವಿದ್ದ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ವಂದನಾ ಷೆಡ್ಡಿನ ಬಾಗಿಲಲ್ಲಿ ನಿಂತು ನೋಡಿದಳು.

ಜನಾಬಾಯಿಯ ಮನೆಯ ಮುಂದೆ ಬಾಳವ್ವ ನಿಂತಳು. ಮೆಟ್ಟಿಲು ತುಳಿಯಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಅವಳು ಗಂಟಲು ಸರಿಮಾಡಿಕೊಂಡು, ಇಡೀ ಗಲ್ಲಿಗೆ ಕೇಳುವ ತನ್ನ ದನಿಯಲ್ಲಿ, "ಜನಾಬಾಯೀ! ನಿಮ್ಮ ಪಡಸಾಲಿ ತೊಲಿಗೆ ಒಂದ ತೊಟ್ಲ ಕಟ್ಟಲೇನ? ಕೂಸಿನ ಸಲುವಾಗಿ!" ಎಂದಳು. ಹೇಳಿ ಮುಗಿಸಿ, ಬಾಗಿಲ ಕಡೆ ಕಿವಿಗೊಟ್ಟು ಕಾದಳು.

ಒಳಗಿನಿಂದ ಯಾರೂ ಬರಲಿಲ್ಲ. ಬಾಳವ್ವ ಇನ್ನೂ ಸ್ವಲ್ಪ ಹೊತ್ತು ನಿಂತಳು. ಅವಮಾನದಿಂದ ಮುಖ ತಿರುಗಿಸಿ, ಬಂದ ದಾರಿಗೆ ಕಾಲು ಎತ್ತಿದಳು.

ಪ್ರಣಿತಾ ಮನೆಗೆ ಬೆನ್ನು ಮಾಡಿ, ಅಪ್ಪುವನ್ನು ಕಟ್ಟೆಯ ಮೇಲೆ ಕೂರಿಸಿ, ಜಾರಿದ ಶಾಲೆಯ ಚೀಲ ಸರಿಮಾಡಿಕೊಳ್ಳುತ್ತಿದ್ದಳು. ಒಳಗೆ ಅಡುಗೆಮನೆಯಿಂದ, ಒಲೆಯ ಮುಂದಿನಿಂದ ಏಳದೆಯೇ, ಜನಾಬಾಯಿ ಎಂದಿನ ಮೆಲುದನಿಯಲ್ಲಿ, "ಯೇ ಗ ಬಾಳವ್ವಾ, ಆತ ಯೇ," ಎಂದು ಒಳಗೆ ಕರೆದಳು.

ಹುಡುಗಿ ತಟ್ಟನೆ ತಿರುಗಿದಳು. ಅಪ್ಪುವನ್ನು ಸೊಂಟಕ್ಕೆ ಏರಿಸಿಕೊಂಡು ಓಡಿ ಹೋಗಿ ಅಜ್ಜಿಯ ಸೆರಗು ಜಗ್ಗಿ ನಿಲ್ಲಿಸಿದಳು. ಬಾಳವ್ವ ತಿರುಗಿ ನೋಡಿದಾಗ, ಎದೆಯ ಕಡೆ ಎರಡು ಸಲ ಕೈ ಎಳೆದು ತೋರಿಸಿದಳು.

"ಕರೀಲಿಕ್ಕತ್ತಾಳ?" ಎಂದಳು ಬಾಳವ್ವ. "ನಿನಗ ಕೇಳಿಸ್ತ?"

"ಹೂಂ ಆಯಿ," ಎಂದಳು ಪ್ರಣಿತಾ. "ನನಗ ಕೇಳಿಸ್ತ."

ಬಾಳವ್ವ ಮೊಮ್ಮಗಳ ಹೆಗಲು ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.